ಬಾಯಿ ಬಾಡಿಗೆಗಿಲ್ಲ

ದಾವಣಗೆರೆಯಲ್ಲಿ ಅವರ ಹೆಸರು ಗೊತ್ತಿದ್ದವರು ಕಡಿಮೆ. ಅವರ ಕೆಮ್ಮು ಗೊತ್ತಿಲ್ಲದವರು ಇನ್ನೂ ಕಡಿಮೆ.

ಮೈಕು ಕಟ್ಟಿದ ಹಳೇ ಆಟೊ ಬೀದಿಯ ತುದಿಗೆ ಬಂದು ನಿಲ್ಲುತ್ತಿತ್ತು. ಬೇರೆ ಪ್ರಚಾರದ ಗಾಡಿಗಳ ಹಾಗೆ ಹಾಡಿಲ್ಲ, "ಹಲೋ, ಮೈಕ್ ಟೆಸ್ಟಿಂಗ್" ಇಲ್ಲ. ಒಂದೇ ಒಂದು ಕೆಮ್ಮು. ಅದು ಕೇಳಿದ್ದೇ ತಡ, ಹೆಂಗಸರು ಮಿಕ್ಸಿ ಆರಿಸುತ್ತಿದ್ದರು, ಮಂಡಕ್ಕಿ ಭಟ್ಟಿಯವರು ಕೈಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದರು, ಜಗಳವಾಡುತ್ತಿದ್ದವರು "ತಡಿ, ಚಾಚಾ ಏನೋ ಹೇಳ್ತಾರೆ" ಎಂದು ಜಗಳವನ್ನು ಅಲ್ಲಿಗೇ ನಿಲ್ಲಿಸಿಡುತ್ತಿದ್ದರು. ಊರಿಗೆಲ್ಲ ಅವರು ಮೈಕ್ ಚಾಚಾ. ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ನನ್ನ ಮಾನ ಉಳಿಸಿದಂತೆ ಬೇರೆ ಯಾರದ್ದೂ ಉಳಿಸಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನೋಡಲು ಸಣಕಲು ಆಸಾಮಿ. ತಲೆಗೆ ಬಿಳಿ ಟೋಪಿ, ಕೊರಳಿಗೆ ಹನ್ನೆರಡು ತಿಂಗಳೂ ಮಫ್ಲರು. ದಾವಣಗೆರೆಯ ಬಿಸಿಲಲ್ಲಿ, ಮಂದಿ ಅಂಗಿ ಬಿಚ್ಚಿ ಗಾಳಿ ಹಾಕಿಕೊಳ್ಳುವ ಹೊತ್ತಿನಲ್ಲೂ ಆ ಮಫ್ಲರು ಇಳಿಯುತ್ತಿರಲಿಲ್ಲ. "ಯಾಕ ಚಾಚಾ, ಶೆಕೆ ಆಗಲ್ವಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, ಗಂಟಲು ಮುಟ್ಟಿ, "ಅಂಗಡಿಗೆ ಶಟರ್ ಬ್ಯಾಡೇನ್ರಿ?" ಎಂದಿದ್ದರು.

ತಮಾಷೆಯೆಂದರೆ, ಮೈಕು ಕೈಯಲ್ಲಿಲ್ಲದಾಗ ಅವರ ದನಿ ಎದುರಿಗಿದ್ದವರಿಗೂ ಕೇಳುತ್ತಿರಲಿಲ್ಲ. ಮನೆಗೆ ಹೋದರೆ ಚಾಚಿಯದು ಯಾವಾಗಲೂ ಅದೇ ದೂರು: "ಹರಿಹರದ ತನಕ ಕೇಳತೈತೆ ಇವರ ಆವಾಜು. ಅಡುಗೆ ಮನಿಗೆ ಮಾತ್ರ ಬರಲ್ಲ. ಉಪ್ಪು ಬೇಕಂದ್ರೂ ಕೈಸನ್ನೆ ನೋಡ್ರಿ." ಚಾಚಾ ಆಗಲೂ ಬಾಯಿ ಬಿಡದೆ, ಕೈಸನ್ನೆಯಲ್ಲೇ ನನಗೆ ಚಾ ತರಲು ಹೇಳುತ್ತಿದ್ದರು.

ಅವರ ಧಂದೆಯ ನಿಯಮ ಒಂದೇ. ಬರೆದುಕೊಟ್ಟಿದ್ದನ್ನು ಮೊದಲು ಓದಿ ನೋಡುತ್ತಿದ್ದರು. ಮನಸ್ಸಿಗೆ ಒಪ್ಪಿದರೆ ಸರಿ, ಇಲ್ಲವಾದರೆ ಚೀಟಿ ವಾಪಸು. "ಗಾಡಿ ಬಾಡಿಗೆಗೈತೆ ಸಾರ್, ಬಾಯಿ ಬಾಡಿಗೆಗಿಲ್ಲ" ಎನ್ನುತ್ತಿದ್ದರು. ಒಮ್ಮೆ ಮಂಡಿಪೇಟೆಯ ಸೀರೆ ಅಂಗಡಿಯವರು, ಒಂದು ಸೀರೆ ಕೊಂಡರೆ ಇನ್ನೊಂದು ಉಚಿತ ಎಂದು ಸಾರಲು ಕಳಿಸಿದರು. ಚಾಚಾ ಕೆಮ್ಮಿದರು, ಸಾರಿದರು, ಕೊನೆಗೆ ತಮ್ಮದೂ ಒಂದು ಮಾತು ಸೇರಿಸಿದರು: "ಪುಕ್ಕಟೆ ಸೀರೆ ನಾನು ನೋಡೀನಿ ಅಕ್ಕಾರಾ. ಚೆನ್ನಾಗೈತೆ. ಆದ್ರೆ ಮೊದಲು ಒಂದ್ಸಲ ಬ್ಯಾರೆ ನೆನೆಹಾಕ್ರಿ." ಅಂಗಡಿಯವರು ಹೌಹಾರಿದರು. ಸಂಜೆ ಹೊತ್ತಿಗೆ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಣ್ಣ ಬಿಡುವ ಸುದ್ದಿಯನ್ನೇ ಮುಚ್ಚಿಡದವರು ಉಳಿದದ್ದರಲ್ಲಿ ಮೋಸ ಮಾಡಲಾರರೆಂದು ಹೆಂಗಸರು ಲೆಕ್ಕ ಹಾಕಿದ್ದರು.

ಈ ಹಟ ಯಾಕೆಂದು ಕೇಳಿದರೆ ಅವರು ಕೊಡುತ್ತಿದ್ದ ಕಾರಣ ಮಾತ್ರ ತಮಾಷೆಯದಲ್ಲ. ಊರಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಜನ ಮೊದಲು ಓಡಿ ಬರುತ್ತಿದ್ದುದು ಚಾಚಾ ಮನೆಗೆ. ಅದಕ್ಕೆ ಅವರು ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. "ಹಸಿರು ಲಂಗ, ಎಡಗೈಯಾಗ ಅರ್ಧ ತಿಂದ ಮಿರ್ಚಿ. ಹೆಸರು ಕೇಳಿದ್ರೆ ಹೇಳತೈತೆ, ಅಪ್ಪನ ಹೆಸರು ಕೇಳಿದ್ರೆ ಅಳತೈತೆ" ಎಂದು ಕಣ್ಣಿಗೆ ಕಟ್ಟುವಂತೆ ಸಾರುತ್ತಿದ್ದರು. ಎರಡು ಬೀದಿ ದಾಟುವುದರೊಳಗೆ ಯಾರಾದರೂ ಮಗುವನ್ನು ಕೈಹಿಡಿದು ಕರೆತರುತ್ತಿದ್ದರು. "ಈ ಬಾಯಿಂದ ಒಂದ್ಸಲ ಸುಳ್ಳು ಬಂತು ಅಂದ್ರೆ, ನಾಳೆ ಕೂಸು ಕಳೆದೈತೆ ಅಂದಾಗ ಯಾರು ತಿರುಗಿ ನೋಡ್ತಾರ್ರಿ?" ಎನ್ನುತ್ತಿದ್ದರು.

ನಾನು ಆಗ ಊರಿನ ಒಂದು ಸಣ್ಣ ಖಾಸಗಿ ಡೇರಿಯಲ್ಲಿದ್ದೆ. ಮಾಯಕೊಂಡ, ಆನಗೋಡು, ಸಾರಥಿ ಕಡೆಯಿಂದ ಹಾಲು ತರಿಸಿ, ಪ್ಯಾಕೆಟ್ ಮಾಡಿ, ದಾವಣಗೆರೆ ಹರಿಹರದ ಬೂತುಗಳಿಗೆ ಕಳಿಸುವ ಸಂಸ್ಥೆ. ನಾನು ಕನ್ನಡ ಎಂ.ಎ. ಪ್ರಚಾರ ವಿಭಾಗವೆಂದರೆ ನಾನೊಬ್ಬನೇ. ಸಣ್ಣ ಸಂಸ್ಥೆಯಾದ್ದರಿಂದ ಸಾಮಾನು ತರಿಸುವ ಚೀಟಿಗಳಿಗೂ ನಾನೇ ಸಹಿ ಹಾಕಬೇಕಿತ್ತು. ಯಾರ ಚೀಟಿ ಬಂದರೂ ಕೆಂಪು ಪೆನ್ನಿನಲ್ಲಿ ತಿದ್ದುವುದು ನನ್ನ ಚಟ. ಅದನ್ನು ನೋಡಿಯೇ ಚಾಚಾ ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ನಾನದನ್ನು ಗೌರವವೆಂದೇ ಬಹಳ ದಿನ ನಂಬಿದ್ದೆ.

ಒಂದು ದಿನ ಜನರೇಟರ್ ನೋಡಿಕೊಳ್ಳುವವನು ಚೀಟಿ ಕಳಿಸಿದ: "ಡಿಸಲ್ ಬೆಕು ಕಾಲಿ ಆಗಿದೆ." ನಾನು ಮೂರು ಕಡೆ ಗುಂಡು ಸುತ್ತಿ, "ಕಾಗುಣಿತ ಸರಿಪಡಿಸಿಕೊಂಡು ಮತ್ತೆ ಸಲ್ಲಿಸುವುದು" ಎಂದು ಕೆಳಗೆ ಬರೆದು ವಾಪಸು ಕಳಿಸಿದೆ. ಅವನಿಗೆ ಸಿಟ್ಟು ಬಂತು. ಚೀಟಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡವನು ಮತ್ತೆ ಸಲ್ಲಿಸಲಿಲ್ಲ. ನಾನೂ ಮರೆತೆ. ಮರುದಿನ ಸಂಜೆ ಗಾಳಿಗೆ ಕಂಬ ಬಿದ್ದು ಬೆಳಗಿನವರೆಗೆ ಕರೆಂಟು ಬರಲಿಲ್ಲ. ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. ತಣ್ಣಗಿರಬೇಕಾದ ಹಾಲು ಬೆಚ್ಚಗಾಗಿ, ಹಾಗೆಯೇ ವ್ಯಾನು ಹತ್ತಿ ಊರೂರಿಗೆ ಹೋಯಿತು. ಏಳು ಗಂಟೆಯ ಹೊತ್ತಿಗೆ ಎರಡೂ ಊರಿನ ಒಲೆಗಳ ಮೇಲೆ ನಮ್ಮ ಹಾಲು ಒಡೆದುಹೋಗಿತ್ತು.

ಆಫೀಸಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಯಜಮಾನರು ನನ್ನನ್ನು ಒಳಗೆ ಕರೆದರು. "ತಪ್ಪು ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ. ತಾಂತ್ರಿಕ ಕಾರಣ ಅನ್ರಿ. ತಾಂತ್ರಿಕ ಅಂದ್ರೆ ಮುಂದೆ ಯಾರೂ ಕೇಳಲ್ಲ." ಡೀಸೆಲ್ ಚೀಟಿಯ ವಿಚಾರ ಅವರಿಗಿನ್ನೂ ತಿಳಿದಿರಲಿಲ್ಲ. ತಿಳಿದರೆ ನನ್ನ ಕೆಲಸ ಅಂದೇ ಮುಗಿಯುತ್ತಿತ್ತು. ತಾಂತ್ರಿಕ ಎಂಬ ಪದ ಅಷ್ಟು ಹಿತವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ಸಂತೋಷದಿಂದಲೇ ಕೂತು ಪ್ರಕಟಣೆ ಬರೆದೆ: "ಇಂದು ಮುಂಜಾನೆಯ ಹಾಲಿನಲ್ಲಿ ತಾಂತ್ರಿಕ ಕಾರಣಗಳಿಂದ ಉಂಟಾದ ವ್ಯತ್ಯಯಕ್ಕೆ ಸಂಸ್ಥೆಯ ವಿಷಾದ. ತೀವ್ರ ವಿಷಾದ."

ಚಾಚಾ ಅದನ್ನು ಎರಡು ಸಲ ಓದಿದರು. ಮಫ್ಲರು ಸರಿಮಾಡಿಕೊಂಡರು. "ಮೇಷ್ಟ್ರೇ, ಕಾಗದದಾಗ ಚೆಂದ ಐತೆ. ಮೈಕ್‌ನಾಗ ಹೋಗಲ್ಲ. ಮೈಕು ಅರ್ಧ ನುಂಗತೈತೆ, ಉಳಿದರ್ಧ ಜನ ತಮಗೆ ಬೇಕಾದಂಗ ಕೇಳ್ತಾರೆ. ಏನಾಯ್ತು ಅಂತ ಒಂದು ಮಾತಿನಾಗ ಹೇಳ್ರಿ, ನಾನೇ ಹೇಳ್ತೀನಿ."

"ತಾಂತ್ರಿಕ ಕಾರಣ ಚಾಚಾ."

"ಅದರ ಹೆಸರೇನು?"

ನಾನು ಸಿಡುಕಿದೆ. ನೀವು ಓದದಿದ್ದರೆ ಬೇಡ, ನಾನೇ ಓದುತ್ತೇನೆ ಎಂದೆ. ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಸಿದೆ. ವಿಷಾದಕ್ಕೆ ಗಾಂಭೀರ್ಯ ಬರಲೆಂದು ಪ್ರತಿಧ್ವನಿಯನ್ನೂ ಸೇರಿಸಿದೆ. ಚಾಚಾ ಗಾಡಿ ಬಾಡಿಗೆಗೆ ಕೊಟ್ಟು, ತಾವೇ ಓಡಿಸಿಕೊಂಡು ಹೊರಟರು. ಕೆಮ್ಮಲಿಲ್ಲ.

ದಾವಣಗೆರೆಯ ಬೀದಿಗಳಲ್ಲಿ ಜನ ಸುಮ್ಮನೆ ಕೇಳಿ ಮುಖ ತಿರುಗಿಸಿದರಂತೆ. ದೊಡ್ಡಬಾತಿ ದಾಟುವಾಗ ಗುಂಡಿಯೊಂದಕ್ಕೆ ಗಾಡಿ ಇಳಿದು ಮೈಕಿನ ವೈರು ಸಡಿಲವಾಯಿತು. ಹರಿಹರದಲ್ಲಿ ನಮ್ಮ ಬೂತಿನ ಪಕ್ಕ ಒಬ್ಬ ಅಜ್ಜಿಯ ಮನೆ. ಕಲಬುರಗಿ ಕಡೆಯ ಹೆಣ್ಣುಮಗಳು. ಮದುವೆಯಾಗಿ ಹರಿಹರಕ್ಕೆ ಬಂದು ಮೊಮ್ಮಕ್ಕಳನ್ನು ಕಂಡರೂ ತವರಿನ ಮಾತು ಬಿಟ್ಟವಳಲ್ಲ. ಊರೆಲ್ಲ ಐತೆ ಐತೆ ಎಂದರೆ ಆಕೆಯದು ಇನ್ನೂ ಅದ ಅದ. ಆಕೆಯ ಕಟ್ಟೆಯ ಮುಂದೆ ಗಾಡಿ ನಿಂತಾಗ ಮೈಕಿನಿಂದ ಹೊರಟದ್ದು ಇಷ್ಟು: "ಮುಂಜಾನೆಯ ಹಾಲಿನಲ್ಲಿ... ಕರ್‍ರ್... ವಿಷಾದ! ತೀವ್ರ ವಿಷಾದ!"

ಅಜ್ಜಿ ಎದ್ದು ನಿಂತು ಎದೆ ಬಡಿದುಕೊಂಡಳು. "ಅಯ್ಯಯ್ಯ, ಹಾಲಿನ್ಯಾಗ ವಿಷ ಅದ ಅಂತ್ರೀ! ತೀವ್ರ ವಿಷ ಅದ ಅಂತ! ಅವರೇ ಮೈಕ್ ಹಚ್ಚಿ ಹೇಳಾಕತ್ಯಾರ!"

ಪ್ರತಿಧ್ವನಿ ಬೇರೆ ಇತ್ತಲ್ಲ, "ವಿಷಾದ... ಷಾದ... ಷಾದ" ಎಂದು ಅದು ಆಕೆಯ ಮಾತನ್ನು ಖಾತ್ರಿ ಮಾಡಿತು. ಬೀದಿಗೆ ಬೀದಿಯೇ ಹಾಲನ್ನು ಚರಂಡಿಗೆ ಸುರಿಯಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ವಾಟ್ಸಾಪ್ ಹತ್ತಿ ದಾವಣಗೆರೆಗೆ ವಾಪಸು ಬಂತು. ಬೆಳಿಗ್ಗೆ ಬರೀ ಒಡೆದ ಹಾಲಾಗಿದ್ದದ್ದು ಈಗ ವಿಷವಾಗಿತ್ತು. ಮಾಡಿದ್ದು ನನ್ನ ವಾಕ್ಯ. ವಿಷ, ಅದ, ಎರಡೂ ಸೇರಿದರೆ ವಿಷಾದ. ಎಂ.ಎ. ಮಾಡಿದ ನನಗೆ ಹೊಳೆಯದ ಸಂಧಿ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಹೊಳೆದಿತ್ತು.

ಫೋನಿನಲ್ಲಿ ಮಾತಾಡುವುದೆಂದರೆ ಚಾಚಾಗೆ ಆಗದು. ಆದರೂ ಅಂದು ತಾವೇ ಮಾಡಿದರು. ಕಿವಿಗೆ ಒತ್ತಿ ಹಿಡಿದರೂ ಅರ್ಧ ಮಾತ್ರ ಕೇಳುವ ದನಿ. "ಮೇಷ್ಟ್ರೇ, ನಿಮ್ಮ ವಿಷಾದ ಹರಿಹರದಾಗ ಒಡೆದು ಎರಡಾಗೈತೆ."

ಮರುದಿನ ಬೆಳಿಗ್ಗೆ ಕ್ರೇಟುಗಳು ಹೋದ ಹಾಗೆಯೇ ತುಂಬಿಕೊಂಡು ವಾಪಸು ಬಂದವು. ಹೀಗೇ ಇನ್ನೆರಡು ದಿನವಾದರೆ ಹಳ್ಳಿಗಳಿಂದ ಹಾಲು ಎತ್ತುವುದನ್ನು ನಿಲ್ಲಿಸಬೇಕು, ಡೇರಿಗೆ ಬೀಗ ಹಾಕಬೇಕು ಎಂದು ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ನೆಟ್ಟಗೆ ಚಾಚಾ ಮನೆಗೆ ಹೋದೆ. ಅವರು ಆಟೊದ ವೈರಿಗೆ ಟೇಪು ಸುತ್ತುತ್ತಿದ್ದರು.

"ಚಾಚಾ, ನೀವೇ ಹೇಳ್ಬೇಕು. ನಿಮ್ಮ ಮಾತು ನಂಬ್ತಾರೆ."

"ಏನಂತ ಹೇಳ್ಲಿ? ನನಗೇ ಗೊತ್ತಿಲ್ಲ ಏನಾಯ್ತು ಅಂತ. ಮೊದಲು ನಮ್ಮ ತಪ್ಪು ಹೇಳಬೇಕು ಮೇಷ್ಟ್ರೇ, ಆಮೇಲೆ ಸುದ್ದಿ ಹೇಳಬೇಕು. ತಪ್ಪು ನುಂಗಿಕೊಂಡೋರ ಸುದ್ದಿ ಯಾರಿಗೆ ಬೇಕ್ರಿ?"

ಕದ್ದು ಸಿಕ್ಕಿಬಿದ್ದವನಂತೆ ನಿಂತು ಡೀಸೆಲ್ ಚೀಟಿಯ ಕತೆ ಹೇಳಿದೆ. ಮೂರು ಗುಂಡು ಸುತ್ತಿದ್ದನ್ನೂ ಹೇಳಿದೆ. ಅವರು ಟೇಪು ಕೈಲಿ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಮೈಕಿಲ್ಲದ ಅವರ ದನಿ ಬೀದಿಗೆ ಕೇಳಿದ್ದು ಅದೊಂದೇ ಸಲ. ಚಾಚಿ ಏನಾಯಿತೆಂದು ಹೊರಗೆ ಓಡಿ ಬಂದರು. "ಕಾಗುಣಿತ ಸರಿ ಇಲ್ಲಂತ ಹಾಲು ಒಡೀತಾ?" ಎಂದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ಚಾಚಾ, ಮೈಕಿನಲ್ಲಿ ನನ್ನ ಹೆಸರು..." ಎಂದೆ.

"ನಿಮ್ಮ ಹೆಸರು ಯಾಕ ಹೇಳ್ಲಿ? ಕಳೆದುಹೋದ ಕೂಸುಗಳ ಹೆಸರು ಮಾತ್ರ ನಾನು ಮೈಕ್‌ನಾಗ ಹೇಳೋದು. ನೀವು ಇಲ್ಲೇ ಎದುರಿಗೆ ಇದ್ದೀರಲ್ಲ."

ಅಂದು ನಾನೂ ಆಟೊದಲ್ಲಿ ಹಿಂದೆ ಕೂತಿದ್ದೆ. ಅಂದಿನ ಹಾಲಿನ ಪ್ಯಾಕೆಟ್ಟುಗಳು, ಒಂದು ಸಣ್ಣ ಸ್ಟೋವು, ಚಾ ಪುಡಿ ನನ್ನ ಕಾಲ ಬಳಿ. ಬೀದಿ ಬೀದಿಗೆ ನಿಂತು ಚಾಚಾ ಕೆಮ್ಮಿದರು. "ಕೇಳ್ರಿ. ನಿನ್ನೆ ಹಾಲು ಒಡೆದಿದ್ದು ನಿಜ. ಡೇರಿಯೋರ ತಪ್ಪು. ಕರೆಂಟ್ ಹೋಗಿತ್ತು, ಜನರೇಟರಿಗೆ ಡೀಸೆಲ್ ತರಿಸೋದು ಮರೆತ್ವಿ. ಹಾಲು ಬೆಚ್ಚಗಾಗಿ ಒಡೆದೈತೆ. ಖಾಲಿ ಪ್ಯಾಕೆಟ್ ತಂದು ತೋರಿಸ್ರಿ, ಹೊಸದು ಕೊಡ್ತಾರೆ. ವಿಷ ಗಿಷ ಏನೂ ಇಲ್ಲ. ಇವತ್ತಿನ ಹಾಲು ನಿಮ್ಮ ಮುಂದೇನ ಕಾಸಿ ಕುಡಿತೀನಿ, ನೋಡ್ರಿ." ಮರೆತ್ವಿ ಎಂದರು, ಮರೆತರು ಎನ್ನಲಿಲ್ಲ. ಡೇರಿಗೂ ಅವರಿಗೂ ಗಾಡಿ ಬಾಡಿಗೆ ಬಿಟ್ಟರೆ ಬೇರೆ ಸಂಬಂಧವಿರಲಿಲ್ಲ. ನನ್ನ ತಪ್ಪಿನ ಜೊತೆಗೆ ಬಂದು ನಿಂತುಕೊಂಡರು ಅಷ್ಟೆ.

ಹರಿಹರದಲ್ಲಿ ಅಜ್ಜಿಯ ಕಟ್ಟೆಯ ಮುಂದೆ ದೊಡ್ಡ ಗುಂಪು ಸೇರಿತು. ನಾನು ಕಾಸಿಕೊಟ್ಟ ಚಾವನ್ನು ಚಾಚಾ ಮೈಕಿನ ಮುಂದೆಯೇ ಸೊರ್ ಎಂದು ಎಳೆದರು. ಆ ಸದ್ದು ಹೊಳೆಯವರೆಗೂ ಹೋಗಿರಬೇಕು. ಜನ ಕದಲಲಿಲ್ಲ. ಅಜ್ಜಿಯಂತೂ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತು, "ಅವಸರ ಬ್ಯಾಡ. ಇನ್ನೊಂದು ತಾಸು ನೋಡಮು. ವಿಷ ಏರ್‍ಲಿಕ್ಕೆ ಹೊತ್ತು ಬೇಕು" ಎಂದಳು.

ಹಾಗಾಗಿ ಎಲ್ಲರೂ ಕೂತು ಕಾದರು. ಚಾಚಾ ಸೀಟಿನಲ್ಲಿ ಒರಗಿಕೊಂಡು ಆಗಾಗ ಮೈಕು ಎತ್ತಿ, ಕೆಮ್ಮಿ, "ಇನ್ನೂ ಇದ್ದೀನ್ರಿ" ಎನ್ನುತ್ತಿದ್ದರು. ಗುಂಪು ನಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ, "ಇನ್ನೂ ಇದ್ದೀನ್ರಿ." ತಾಸು ಕಳೆಯಿತು. ಅಜ್ಜಿ ಎದ್ದು ಸೊಂಟ ಸರಿಮಾಡಿಕೊಂಡು, ಬೂತಿನ ಮುಂದೆ ನಿಂತು, "ಎರಡು ಪ್ಯಾಕೆಟ್ ಕೊಡಪಾ" ಎಂದಳು. ಹಿಂದೆಯೇ ಸಾಲು ನಿಂತಿತು. ಸಕ್ಕರೆ ಕಾಯಿಲೆಯ ಚಾಚಾ ಅಂದು ಎಷ್ಟು ಕಡೆ ಚಾ ಕುಡಿದರೋ ಲೆಕ್ಕವಿಲ್ಲ. ಎಲ್ಲ ಕಡೆಯೂ ಸಕ್ಕರೆ ಹಾಕದ ಚಾ. ದಾವಣಗೆರೆಗೆ ವಾಪಸು ಬರುವಾಗ ದೊಡ್ಡಬಾತಿಯ ಹತ್ತಿರ ಮೂರು ಸಲ ಗಾಡಿ ನಿಲ್ಲಿಸಬೇಕಾಯಿತು.

ನಮ್ಮ ತಪ್ಪು ಎಂದು ಸಾರಿದ್ದು ಗೊತ್ತಾಗಿ ಯಜಮಾನರು ಕುರ್ಚಿಯಿಂದ ಹಾರಿದರು. ಎರಡು ದಿನದಲ್ಲಿ ಹಾಲು ಮೊದಲಿನಂತೆ ಖರ್ಚಾಯಿತು. ನಾಲ್ಕನೇ ದಿನದಿಂದ, "ನೇರವಾಗಿ ಒಪ್ಪಿಕೊಳ್ಳೋಣ ಅಂತ ನಾನೇ ಹೇಳಿದ್ದು" ಎಂದು ಯಜಮಾನರು ಎಲ್ಲರ ಮುಂದೆ ಹೇಳಿಕೊಳ್ಳತೊಡಗಿದರು. ಚಾಚಾ ಅದನ್ನು ಕೇಳಿ ಮಫ್ಲರು ಇನ್ನೊಂದು ಸುತ್ತು ಸುತ್ತಿಕೊಂಡರು. ಡೀಸೆಲ್ ತರಿಸಲು ಮರೆತವರು ಯಾರೆಂದು ಯಜಮಾನರು ಹುಡುಕಲೇ ಇಲ್ಲ. ನಾನು ಕೆಂಪು ಪೆನ್ನು ಬಿಟ್ಟೆ. ಸತ್ಯವನ್ನು ಮಾತ್ರ ಹೊರಗೆ ಹಾಕಲಿಲ್ಲ. ಒಳ್ಳೆಯ ಹೆಸರಿನ ಸಂಸ್ಥೆಯಲ್ಲಿ ಒಳ್ಳೆಯ ಹೆಸರಿಟ್ಟುಕೊಂಡು ಕೆಲಸ ಮಾಡಿ ನಿವೃತ್ತನೂ ಆದೆ.

ಚಾಚಾ ಹೋದ ಬೆಳಿಗ್ಗೆ ಚಾಚಿ ನನ್ನನ್ನು ಕರೆಸಿ, "ಮೇಷ್ಟ್ರೇ, ಅವರು ಹುಟ್ಟಿದ್ದು ಹರಿಹರದಾಗ, ಸಣ್ಣೋರಿದ್ದಾಗ್ಲೇ ಊರು ಬಿಟ್ರು. ಅಲ್ಲಿಯೋರಿಗೆ ಹೇಳಿ ಬರ್‍ರಿ. ಅವರ ಗಾಡೀನಾಗೇ ಹೋಗ್ರಿ" ಎಂದರು. ನಾನು ಹಾಳೆ ತೆಗೆದು "ತೀವ್ರ ವಿ" ಎಂದು ಬರೆದು, ಹರಿದು ಹಾಕಿದೆ. ಪಕ್ಕದ ಮನೆಯವರೊಬ್ಬರು ಗಾಡಿ ಓಡಿಸಿದರು. ಹರಿಹರದಲ್ಲಿ ಅದೇ ಬೂತಿನ ಮುಂದೆ ಮೈಕು ಹಿಡಿದೆ. ಕೆಮ್ಮಲು ಧೈರ್ಯ ಬರಲಿಲ್ಲ. ಅವರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ ಹೇಳಿ, ಇಂತಿಂಥವರು ಇಂದು ತೀರಿಕೊಂಡರು, ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು ಎಂದೆ. ಒಬ್ಬರೂ ತಿರುಗಿ ನೋಡಲಿಲ್ಲ. ಆ ಹೆಸರಿನವರು ಯಾರಿಗೂ ಗೊತ್ತಿರಲಿಲ್ಲ. ಇಲ್ಲೂ ನಾನು ಕಾಗದದ ಮಾತನ್ನೇ ಆಡಿದ್ದೆ.

"ಮೈಕ್ ಚಾಚಾ ಹೋಗ್ಬಿಟ್ರು" ಎಂದೆ. ಆಗ ಬಾಗಿಲುಗಳು ತೆರೆದವು.

ಅದೇ ಅಜ್ಜಿ ಕೋಲೂರಿಕೊಂಡು ಆಟೊದ ಹತ್ತಿರಕ್ಕೇ ಬಂದಳು. ಒಳಗೆ ಬಗ್ಗಿ ಸೀಟು ನೋಡಿದಳು, ನನ್ನ ಮುಖ ನೋಡಿದಳು. "ಸುಳ್ಳು. ಅವತ್ತು ಗಳಿಗೆಗೊಮ್ಮೆ ಇನ್ನೂ ಇದ್ದೀನಿ ಅಂತ ಅವರೇ ಹೇಳ್ತಿದ್ರು. ಈಗ ಇಲ್ಲ ಅಂತ ಹೇಳ್ಲಿಕ್ಕೆ ನೀವ್ಯಾರ್‍ರಿ? ನಿಮ್ಮ ಮಾತು ಹ್ಯಾಂಗ ನಂಬಬೇಕು?"

ನಾನು ಯಾರು? ಅದಕ್ಕೆ ಉತ್ತರ ಒಂದೇ ಇತ್ತು. ಮೈಕು ಆರಿಸಲು ಮರೆತಿದ್ದೆನೋ, ಬೇಕೆಂದೇ ಆರಿಸಲಿಲ್ಲವೋ ಈಗಲೂ ತಿಳಿಯದು. "ಅವ್ವಾ, ಅವತ್ತು ಡೀಸೆಲ್ ತರಿಸದೆ ಹಾಲು ಒಡೆಸಿದವನು ನಾನು. ವಿಷಾದ ಅಂತ ಮೈಕಿನಲ್ಲಿ ಕೂಗಿಸಿದವನೂ ನಾನೇ. ಚಾಚಾ ಯಾರಿಗೂ ಹೇಳಲಿಲ್ಲ." ನನ್ನ ಮಾತು ಬೀದಿಯ ಆ ತುದಿಯವರೆಗೂ ಹೋಯಿತು.

ಅಜ್ಜಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕಟ್ಟೆಯ ಮೇಲೆ ಕುಸಿದು ಕೂತಳು.

"ಹಂಗಾದ್ರ ಇದೂ ಖರೇ ಅದ" ಎಂದಳು.